ಬಾಯಲ್ಲಿ ಹೇಳಬೇಡಿ, ಬರೆದು ಕಳಿಸಿ

ಕಿರುಚಿತ್ರಗಳ ಸರಣಿಗೆ ಸ್ಕ್ರಿಪ್ಟ್ ಕರೆದಿದ್ದಾರೆ ಅಂತ ನಮ್ಮ ದಾವಣಗೆರೆ ಹುಡುಗರು ಮೂರ್ನಾಲ್ಕು ಜನ ಮೆಸೇಜ್ ಮಾಡಿದ್ದೀರಿ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣ, ಕಳಿಸಿದ್ರೆ ಕಥೆ ಕದ್ದುಬಿಡ್ತಾರಾ?"

ಈ ಭಯ ನನಗೆ ಗೊತ್ತು. ಎಂಟು ವರ್ಷದ ಹಿಂದೆ ಒಬ್ಬರ ಮುಂದೆ ಕೂತು ಎರಡು ತಾಸು ಕಥೆ ಹೇಳಿದ್ದೆ. ಆಮೇಲೆ ಅದೇ ಕಥೆಯ ಎಳೆ ಬೇರೆ ಹೆಸರಿನಲ್ಲಿ ಪರದೆ ಮೇಲೆ ಬಂತು. ಕೇಳೋಣ ಅಂದರೆ ನನ್ನ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಸಿಕ್ಕಸಿಕ್ಕವರಿಗೆ ಕಥೆ ಹೇಳೋದು ಬಿಡಿ. ಕೂತು ಬರೀರಿ.

ಕಾನೂನು ಕಾಯೋದು ಬರೆದದ್ದನ್ನ, ಐಡಿಯಾವನ್ನಲ್ಲ. ನಾಟಕಕಾರ ಆರ್.ಜಿ. ಆನಂದ್ ತಮ್ಮ ನಾಟಕವನ್ನು ನಿರ್ದೇಶಕರೊಬ್ಬರಿಗೆ ಓದಿ ಹೇಳಿದ್ದರು. ಆಮೇಲೆ ಅದೇ ವಸ್ತುವಿನ ಸಿನಿಮಾ ಬಂತು ಅಂತ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಸ್ತು ಒಂದೇ ಇದ್ದರೂ ನಿರೂಪಣೆ ಬೇರೆಯಾಗಿದ್ದರೆ ಅದು ಕೃತಿಚೌರ್ಯ ಅಲ್ಲ ಅಂತ ಕೋರ್ಟ್ ಹೇಳಿತು. ಅಂದಮೇಲೆ "ಒಬ್ಬ ತಾಯಿ, ಒಬ್ಬ ಮಗಳು" ಅನ್ನೋ ಒಂದು ಸಾಲು ಯಾರದ್ದೂ ಅಲ್ಲ. ಆ ತಾಯಿ ಏನು ಮಾಡಿದಳು, ಯಾವ ಮಾತು ಆಡಿದಳು ಅನ್ನೋದನ್ನ ದೃಶ್ಯ ದೃಶ್ಯವಾಗಿ ಬರೆದರೆ ಅದು ನಿಮ್ಮದು. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಆದರೂ ಕಾಪಿರೈಟ್ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿದರೆ ನಾಳೆ ಜಗಳ ಬಂದಾಗ ಸಾಕ್ಷಿಗೆ ಆಗುತ್ತೆ.

ಬರೆಯೋದು ಹೇಗೆ? ಇತ್ತೀಚೆಗೆ ಒಬ್ಬ ಹುಡುಗ ಮಂಡಕ್ಕಿ ಭಟ್ಟಿಯ ಕಥೆ ತಂದಿದ್ದ. ಅವನ ತಾಯಿ ಅಲ್ಲೇ ದುಡಿದವರು. ಭಟ್ಟಿಯಿಂದ ಸೀದಾ ಮಗಳ ಶಾಲೆಯ ಪೋಷಕರ ಸಭೆಗೆ ಹೋಗುವ ಹೆಂಗಸು, ಅಷ್ಟೇ ಕಥೆ. ಮೊದಲ ಕರಡಿನಲ್ಲಿ "ಅವಳ ಮನಸ್ಸಿನಲ್ಲಿ ಅವಮಾನದ ಅಳುಕು" ಅಂತ ಅರ್ಧ ಪುಟ ಇತ್ತು. "ಇದನ್ನ ಕ್ಯಾಮೆರಾ ಹೆಂಗ್ ನೋಡ್ಬೇಕಪ್ಪ?" ಅಂದೆ. ಸುಮ್ಮನೆ ಎದ್ದು ಹೋದ, ಬೇಜಾರಾಯ್ತೇನೋ ಅಂದುಕೊಂಡೆ. ನಾಲ್ಕು ದಿನಕ್ಕೆ ಬಂದು ತೋರಿಸಿದ: ಶಾಲೆ ಗೇಟಿನ ಹೊರಗೆ ನಿಂತ ಬೈಕಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ತಾಳೆ, ಸೆರಗಿನ ತುದಿಗೆ ಎಂಜಲು ಹಚ್ಚಿ ಕಿವಿ ಹಿಂದಿನ ಮಸಿ ಒರೆಸ್ತಾಳೆ, ಕೂದಲಲ್ಲಿ ಸಿಕ್ಕ ಒಂದು ಮಂಡಕ್ಕಿ ಕಾಳು ತೆಗೆದು ಬಾಯಿಗೆ ಹಾಕ್ಕೊಂಡು ಒಳಗೆ ಹೋಗ್ತಾಳೆ. ಮಾತೇ ಇಲ್ಲ. ಓದಿ ನನಗೆ ಗಂಟಲು ಕಟ್ಟಿತು.

ಹನ್ನೆರಡು ನಿಮಿಷದ ಚಿತ್ರಕ್ಕೆ ಹೆಚ್ಚುಕಡಿಮೆ ಹನ್ನೆರಡು ಪುಟ, ಪುಟಕ್ಕೊಂದು ನಿಮಿಷದ ಲೆಕ್ಕ. ಒಳಗೋ ಹೊರಗೋ, ಹಗಲೋ ರಾತ್ರಿಯೋ ಅಂತ ಪ್ರತಿ ದೃಶ್ಯದ ತಲೆಬರಹದಲ್ಲಿ ಹಾಕಿ, ಪಿಡಿಎಫ್ ಮಾಡಿ. ಅದು ಕಲಿಯೋಕೆ ಒಂದು ದಿನ ಸಾಕು. ಮಾತು ಮಾತ್ರ ಬೆಂಗಳೂರಿಗೆ ಅಂತ ತಿದ್ದಬೇಡಿ. ನಿಮ್ಮವ್ವ ಆಡೋ ಹಂಗೇ ಇರಲಿ.

ಸಣ್ಣ ಊರಿನ ಬರಹಗಾರರಿಗೆ ಇಂಥ ಸರಣಿಗಿಂತ ಒಳ್ಳೆ ಬಾಗಿಲು ಇಲ್ಲ ಅಂತ ನಾನು ನಂಬಿದ್ದೀನಿ. ನಮ್ಮ ದುರ್ಗದ ಬಂಡೆಗಳನ್ನ ಇಡೀ ನಾಡಿಗೆ ತೋರಿಸಿದ ಪುಟ್ಟಣ್ಣ ಕಣಗಾಲ್ ಅವರೇ 1976ರ 'ಕಥಾ ಸಂಗಮ'ದಲ್ಲಿ ಮೂರು ಕಥೆ ಸೇರಿಸಿ ಒಂದು ಸಿನಿಮಾ ಮಾಡಿದರು. 2019ರಲ್ಲಿ ಅದೇ ಹೆಸರಿನಲ್ಲಿ ಏಳು ನಿರ್ದೇಶಕರ ಏಳು ಕಥೆ ಬಂದವು. ಒಂದು ಪೂರ್ತಿ ಸಿನಿಮಾಕ್ಕೆ ಹೊಸಬರನ್ನ ನಂಬಿ ದುಡ್ಡು ಹಾಕೋರು ಕಡಿಮೆ. ಹನ್ನೆರಡು ನಿಮಿಷಕ್ಕೆ ನಂಬ್ತಾರೆ.

ಆದರೆ ನಿಯಮಗಳನ್ನ ಕೊನೆ ಸಾಲಿನವರೆಗೂ ಓದಿ. "ಆಯ್ಕೆಯಾಗಲಿ ಬಿಡಲಿ, ಬಂದ ಎಲ್ಲ ಸ್ಕ್ರಿಪ್ಟ್‌ಗಳ ಹಕ್ಕು ನಮ್ಮದು" ಅಂತಿದ್ದರೆ ಕಳಿಸಲೇಬೇಡಿ, ಎಷ್ಟೇ ದೊಡ್ಡ ಹೆಸರಿದ್ದರೂ. ಆಯ್ಕೆಯಾದ ಮೇಲೆ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ, ಎಷ್ಟು ದುಡ್ಡಿಗೆ, ಹೆಸರು ಎಲ್ಲಿ ಬರುತ್ತೆ ಅನ್ನೋದು ಕಾಗದದ ಮೇಲೆ ಇರಬೇಕು. ವರ್ಷ ಬರೆಯದಿದ್ದರೆ ನಮ್ಮ ಕಾನೂನಿನ ಪ್ರಕಾರ ಅದು ಐದು ವರ್ಷ ಅಂತಲೇ ಲೆಕ್ಕ. ಇದನ್ನ ಕೇಳೋಕೆ ನಾಚಿಕೆ ಬೇಡ.

ಭಾನುವಾರ ಸಂಜೆ ಐದಕ್ಕೆ ಗುಂಡಿ ಸರ್ಕಲ್ ಹತ್ತಿರ ಸಿಗ್ತೀನಿ. ಬರೆದ ಹಾಳೆ ತನ್ನಿ, ಎರಡೇ ಪುಟ ಇದ್ದರೂ ಕೂತು ಓದೋಣ.