ಮಳೆ ನಕ್ಷೆ ಹಂಚುವ ಮೊದಲು ಫೈಲ್ ಸರಿಯಾಗಿ ಬದಲಾಗಿದೆಯಾ ನೋಡಿ

ಮಳೆಗಾಲ ಹಿಡಿದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬಣ್ಣಬಣ್ಣದ ನಕ್ಷೆಗಳು ದಿನವೂ ಓಡಾಡುತ್ತವೆ. ಕಾರವಾರದ ಬೈತಖೋಲದ ಮೀನುಗಾರರ ಗ್ರೂಪಿನಲ್ಲಿ ತೆರೆಯ ಎತ್ತರ, ಶಿರಸಿಯ ಅಡಿಕೆ ಬೆಳೆಗಾರರ ಗ್ರೂಪಿನಲ್ಲಿ ಮಳೆ. ಇವನ್ನು ಮಾಡುವವರಲ್ಲಿ ನಮ್ಮೂರಿನ ಹುಡುಗರು, ಹುಡುಗಿಯರೇ ಜಾಸ್ತಿ. ಯಾರೂ ದುಡ್ಡು ಕೊಡುವುದಿಲ್ಲ, ಆದರೂ ಮಾಡುತ್ತಾರೆ. ಅವರ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆ ಇದೆ. ಅದಕ್ಕೇ ಈ ಮಾತನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಳೆ ಹೇಳಿದ ಹಾಗೆ ಬರದಿದ್ದರೆ ನಾವೆಲ್ಲ ಮಾಡೆಲ್ ಅನ್ನು, ಅಂದರೆ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಬೈಯುತ್ತೇವೆ. ಆದರೆ ನಾನು ನೋಡಿದ ಎಷ್ಟೋ ನಕ್ಷೆಗಳಲ್ಲಿ ಮಾಡೆಲ್ ಹೇಳಿದ್ದೇ ಬೇರೆ, ಚಿತ್ರದಲ್ಲಿ ಬಂದದ್ದೇ ಬೇರೆ. ತಪ್ಪಾಗಿದ್ದು ನಡುವೆ, ಫೈಲನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವ ಹೊತ್ತಿನಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಜಿಎಫ್‌ಎಸ್ ಎಂಬ ಮಾಡೆಲ್, ಯುರೋಪಿನ ಇಸಿಎಂಡಬ್ಲ್ಯೂಎಫ್ ಎಂಬ ಹವಾಮಾನ ಕೇಂದ್ರ ಎರಡೂ ಮುನ್ಸೂಚನೆಯ ದತ್ತಾಂಶವನ್ನು ಗ್ರಿಬ್ ಎಂಬ ರೂಪದಲ್ಲಿ ಕೊಡುತ್ತವೆ. ಇದು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದ ರೂಪ. ಜಾಗ ಉಳಿಸಲಿಕ್ಕೆ ಎಲ್ಲವನ್ನೂ ಒತ್ತಿ ತುಂಬಿರುತ್ತಾರೆ. ಹಾಗೆ ತುಂಬಿದರೂ ಜಿಎಫ್‌ಎಸ್‌ನ ಕಾಲು ಡಿಗ್ರಿಯ (ಕಾಲು ಡಿಗ್ರಿಗೊಂದು ಬಿಂದು ಇರುವ) ಒಂದೊಂದು ಫೈಲ್ ಸುಮಾರು 500 ಎಂಬಿ ಇರುತ್ತದೆ. ಅದರೊಳಗೆ ಮಳೆ ಅಂತ ಎಲ್ಲೂ ಬರೆದಿರುವುದಿಲ್ಲ. ಗ್ರಿಬ್‌ನ ಎರಡನೇ ಆವೃತ್ತಿಯಲ್ಲಿ 0, 1, 8 ಎಂಬ ಮೂರು ಅಂಕಿ ಇರುತ್ತವೆ. ಅಂಕಿಗಳ ಅರ್ಥ ಹೇಳುವ ಕೋಷ್ಟಕದಲ್ಲಿ ನೋಡಿದರೆ ಅದು ಒಟ್ಟು ಮಳೆ. ಹಳೆಯ ಆವೃತ್ತಿಯಲ್ಲಂತೂ ಅಮೆರಿಕದವರ ಒಟ್ಟು ಮಳೆಗೆ 61, ಯುರೋಪಿನವರದಕ್ಕೆ 228. ಯಾರ ಕೋಷ್ಟಕ ಅಂತ ಗೊತ್ತಿಲ್ಲದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ನಾವು ನಕ್ಷೆ ಮಾಡುವಾಗ ಸಾಮಾನ್ಯವಾಗಿ ಇದನ್ನು ನೆಟ್‌ಸಿಡಿಎಫ್‌ಗೆ ಬದಲಿಸಿಕೊಳ್ಳುತ್ತೇವೆ. ಅಮೆರಿಕದ ಯುನಿಡೇಟಾದವರು ಮಾಡಿದ ರೂಪ ಅದು. ಹೆಸರು, ಅಳತೆಯ ಘಟಕ, ಸಮಯ ಎಲ್ಲವನ್ನೂ ಫೈಲಿನೊಳಗೇ ಬರೆದಿಡಬಹುದು. ಡಬ್ಲ್ಯೂಗ್ರಿಬ್2, ಸಿಡಿಒ, ಇಸಿಕೋಡ್ಸ್ ಹೀಗೆ ಸಲಕರಣೆಗಳು ಬೇಕಾದಷ್ಟಿವೆ, ಎಲ್ಲವೂ ಉಚಿತ. ಒಂದು ಸಾಲಿನ ಆಜ್ಞೆ ಕೊಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಅಲ್ಲೇ ಎಡವುವುದು.

ಮಳೆಯನ್ನೇ ತೆಗೆದುಕೊಳ್ಳಿ. ಇಸಿಎಂಡಬ್ಲ್ಯೂಎಫ್ ಮಳೆಯನ್ನು ಮೀಟರ್‌ನಲ್ಲಿ ಕೊಡುತ್ತದೆ. ಅದೂ ಮುನ್ಸೂಚನೆ ಶುರುವಾದ ಕ್ಷಣದಿಂದ ಕೂಡಿಸುತ್ತಾ ಹೋದ ಮೊತ್ತ. 24 ಗಂಟೆಗೆ 40 ಮಿ.ಮೀ., 48ಕ್ಕೆ 90, 72ಕ್ಕೆ 130 ಅಂತ ಬಂತು ಅಂದುಕೊಳ್ಳಿ. ದಿನಕ್ಕೆ ಬಿದ್ದದ್ದು 40, 50, 40. ಹಿಂದಿನ ದಿನದವರೆಗಿನ ಮೊತ್ತವನ್ನು ಕಳೆಯದೆ ಹಾಗೇ ನಕ್ಷೆ ಮಾಡಿದರೆ ಮಳೆ ದಿನದಿನಕ್ಕೂ ಏರುತ್ತಾ ಹೋದಂತೆ ಕಾಣುತ್ತದೆ. ಮೂರನೇ ದಿನ 130! ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5ರಿಂದ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ. ಭಾರೀ ಮಳೆಯ ಗೆರೆಯನ್ನೇ ಮುಟ್ಟದ ದಿನ ನಕ್ಷೆಯಲ್ಲಿ ಅತಿ ಭಾರೀ ಆಗಿಬಿಡುತ್ತದೆ. ಶಾಲೆಗೆ ರಜೆ ಇದೆಯಾ ಅಂತ ಫೋನ್ ಶುರುವಾಗುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜನ ನಾವು. ಇಂಥ ನಕ್ಷೆ ನೋಡಿದರೆ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ಸಲ ಸುಳ್ಳಾದರೆ ಮೂರನೇ ಸಲ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ. ನನ್ನ ದೊಡ್ಡ ಭಯ ಇದೇ.

ಜಿಎಫ್‌ಎಸ್‌ನದ್ದು ಇನ್ನೊಂದು ಥರ. ಅಲ್ಲಿ ಆರಾರು ಗಂಟೆಯ ಮೊತ್ತ ಇರುತ್ತದೆ, ಮೊದಲಿನಿಂದ ಕೂಡಿಸಿದ ಮೊತ್ತವೂ ಇರುತ್ತದೆ. ಎರಡಕ್ಕೂ ಒಂದೇ ಹೆಸರು. ಬದಲಿಸುವಾಗ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಅಂತ ತೆರೆದು ನೋಡದೆ ತಿಳಿಯುವುದಿಲ್ಲ.

ಸಮಯದ ವಿಷಯ ಶಿರಸಿ, ಸಿದ್ದಾಪುರದವರಿಗೆ ಜಾಸ್ತಿ ಮುಟ್ಟುತ್ತದೆ. ಫೈಲಿನಲ್ಲಿ ಇರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬದಲಿಸುವಾಗ ಇದನ್ನು ಮರೆತರೆ, ನಕ್ಷೆಯಲ್ಲಿ ಬೆಳಿಗ್ಗೆ 6ರಿಂದ 12ರವರೆಗೆ ಮಳೆ ನಿಂತು ಹೊಳವಾಗುತ್ತದೆ ಅಂತ ಇದ್ದದ್ದು ನಿಜವಾಗಿ ಹನ್ನೊಂದೂವರೆಯಿಂದ ಸಂಜೆ ಐದೂವರೆಯವರೆಗೆ. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯಲಿಕ್ಕೆ ಅಂತ ಹೊಳವಿಗೇ ಕಾಯುತ್ತಾ ಕೂತಿರುತ್ತಾರೆ. ಮರ ಹತ್ತುವವರು ಸಿಗುವುದೇ ಕಷ್ಟ. ಸಿಕ್ಕ ದಿನ ಬೆಳಿಗ್ಗೆ ಹೊಡೆದ ಮದ್ದು ಒಣಗುವ ಮೊದಲೇ ತೊಳೆದುಹೋದರೆ ಮೈಲುತುತ್ತ, ಸುಣ್ಣ, ಕೂಲಿ ಎಲ್ಲ ನೀರಿಗೆ. ಮಳೆಮಾಪನದವರ ದಿನ ಮತ್ತೆ ಬೇರೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಅಳೆಯುತ್ತದೆ, ಅಂದರೆ ಯುಟಿಸಿ 3ರಿಂದ 3. ಮಾಡೆಲ್ ಮಳೆಯನ್ನು ಅದರ ಜೊತೆ ಹೋಲಿಸಬೇಕಾದರೆ ಯುಟಿಸಿ 0 ಗಂಟೆಗೆ ಶುರುವಾದ ಮಾಡೆಲ್ ಓಟದಲ್ಲಿ 27ನೇ ಗಂಟೆಯ ಮೊತ್ತದಿಂದ 3ನೇ ಗಂಟೆಯದನ್ನು ಕಳೆಯಬೇಕು. ಹಾಗೆ ಮಾಡದೆ ಮಾಡೆಲ್ ತಪ್ಪು ಅನ್ನುವುದು ನ್ಯಾಯವಲ್ಲ.

ಉಷ್ಣಾಂಶ ಕೆಲ್ವಿನ್‌ನಲ್ಲಿ ಇರುತ್ತದೆ, ಅದರ ಚಿಂತೆ ಬೇಡ. ಕಾರವಾರದಲ್ಲಿ 300 ಡಿಗ್ರಿ ಅಂತ ಬಂದರೆ ಯಾರಾದರೂ ಹಿಡಿಯುತ್ತಾರೆ. ನಂಬುವ ಹಾಗೆ ಕಾಣುವ ತಪ್ಪನ್ನು ಹಿಡಿಯುವುದೇ ಕಷ್ಟ.

ಸಮುದ್ರದ ತೆರೆಯ ಫೈಲಿನಲ್ಲಿ ನೆಲ ಇರುವ ಕಡೆ ದತ್ತಾಂಶ ಇರುವುದಿಲ್ಲ. ಗ್ರಿಬ್ ಅದನ್ನು ಖಾಲಿ ಅಂತ ಗುರುತು ಮಾಡಿರುತ್ತದೆ. ಇಸಿಕೋಡ್ಸ್ ಆ ಖಾಲಿ ಜಾಗಕ್ಕೆ ಸಾಮಾನ್ಯವಾಗಿ 9999 ಕೊಡುತ್ತದೆ. ನಕ್ಷೆಯಲ್ಲಿ 9999 ಮೀಟರ್ ತೆರೆ ಬಂದರೆ ಗೊತ್ತಾಗುತ್ತದೆ. ಆದರೆ ಕೆಲವರು ಖಾಲಿ ಜಾಗಕ್ಕೆಲ್ಲ 0 ತುಂಬುತ್ತಾರೆ. ಕಾಲು ಡಿಗ್ರಿಯ ಜಾಲದಲ್ಲಿ ಕಾರವಾರ ಹೆಚ್ಚುಕಡಿಮೆ 74 ಮತ್ತು 74.25 ಡಿಗ್ರಿ ರೇಖಾಂಶಗಳ ಮಧ್ಯದಲ್ಲಿ ಬೀಳುತ್ತದೆ. ಒಂದು ಬಿಂದು ಸಮುದ್ರದಲ್ಲಿ, ಇನ್ನೊಂದು ಕರಾವಳಿಯ ಅಂಚಿನಲ್ಲಿ. ಅಂಚಿನದ್ದು ನೆಲ ಅಂತ ಖಾಲಿಯಿದ್ದು, ಅಲ್ಲಿಗೆ 0 ತುಂಬಿ ಸರಾಸರಿ ತೆಗೆದರೆ, ಎರಡು ಮೀಟರ್ ತೆರೆ ಒಂದು ಮೀಟರ್ ಆಗುತ್ತದೆ. ಒಂದು ಮೀಟರ್ ಅಂದರೆ ಬೋಟ್ ನಡೆಸುವ ತಾಂಡೇಲ ಬೋಟ್ ಬಿಡಬಹುದು ಅನ್ನುತ್ತಾನೆ. ಸಣ್ಣ ಪಾತಿ ದೋಣಿಯವರೂ ಹೊರಡುತ್ತಾರೆ. ಇದನ್ನು ಸಣ್ಣ ತಪ್ಪು ಅನ್ನಲಿಕ್ಕೆ ನನ್ನ ಕೈಲಿ ಆಗುವುದಿಲ್ಲ.

ಉತ್ತರ-ದಕ್ಷಿಣ ತಿರುಗುವುದು ಇನ್ನೊಂದು. ಗ್ರಿಬ್‌ನಲ್ಲಿ ಸಾಲುಗಳು ಸಾಮಾನ್ಯವಾಗಿ ಉತ್ತರದಿಂದ ದಕ್ಷಿಣಕ್ಕೆ ಬರುತ್ತವೆ. ಕೆಲವು ಪ್ರೋಗ್ರಾಂಗಳು ದಕ್ಷಿಣದಿಂದ ಉತ್ತರಕ್ಕೆ ಅಂದುಕೊಂಡು ಓದುತ್ತವೆ. 8ರಿಂದ 20 ಡಿಗ್ರಿ ಅಕ್ಷಾಂಶದ ತುಂಡನ್ನು ಕತ್ತರಿಸಿಕೊಂಡು ತಲೆಕೆಳಗಾಗಿಸಿದರೆ ಕಾರವಾರದ 14.8 ಡಿಗ್ರಿಯ ಮಳೆ 13.2ಕ್ಕೆ, ಕಾಪುವಿನ ಅಕ್ಷಾಂಶಕ್ಕೆ ಹೋಗುತ್ತದೆ. ಜುಲೈನಲ್ಲಿ ಎರಡೂ ಕಡೆ ಜೋರು ಮಳೆಯೇ. ಯಾರಿಗೂ ಅನುಮಾನ ಬರುವುದಿಲ್ಲ.

ಶಿರಸಿಯ ವಖಾರಿಯಲ್ಲಿ ಚೀಟಿ ಬಿದ್ದುಹೋದ ಅಡಿಕೆ ಮೂಟೆಗೆ ಯಾರೂ ದರ ಕೂಗುವುದಿಲ್ಲ. ಯಾರದ್ದು, ಯಾವ ಬಗೆ, ಚಾಲಿಯೋ ರಾಶಿಯೋ ಅಂತ ಗೊತ್ತಾಗಬೇಕು. ನಕ್ಷೆಗೂ ಅಷ್ಟು ಕೇಳುವ ಹಕ್ಕು ನಮಗಿದೆ. ಯಾವ ಮಾಡೆಲ್, ಯಾವ ಹೊತ್ತಿನ ಓಟ, ಭಾರತೀಯ ಸಮಯವೋ ಅಲ್ಲವೋ, ಎಷ್ಟು ಗಂಟೆಯ ಮೊತ್ತ. ಇಷ್ಟನ್ನು ಚಿತ್ರದ ಮೇಲೇ ಬರೆಯಿರಿ. ಕೆಳಗೆ ಮೆಸೇಜಿನಲ್ಲಿ ಬರೆದರೆ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ.

ಮೂಲ ಗ್ರಿಬ್ ಫೈಲನ್ನು ಅಳಿಸಬೇಡಿ. ಜಾಗ ಸಾಲದಿದ್ದರೆ ನಮ್ಮ ಕರಾವಳಿ, ಘಟ್ಟದ ತುಂಡನ್ನಷ್ಟೇ ಗ್ರಿಬ್ ರೂಪದಲ್ಲೇ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಕಾರವಾರ, ಶಿರಸಿ, ಮುಂಡಗೋಡ, ಮೂರು ಜಾಗದ ಅಂಕಿಯನ್ನು ಎರಡೂ ಫೈಲಿನಲ್ಲಿ ಓದಿ ಹೋಲಿಸಿ. ಮುಂಡಗೋಡ ಯಾಕೆ ಅಂದರೆ ಅಲ್ಲಿ ಮಳೆ ಕರಾವಳಿಗಿಂತ ತುಂಬಾ ಕಡಿಮೆ. ಅಲ್ಲಿಯ ಅಂಕಿ ಕಾರವಾರದ ಹಾಗೆ ಕಂಡರೆ ಜಾಗ ಅದಲುಬದಲಾಗಿದೆಯಾ ಅಂತ ತಕ್ಷಣ ನೋಡಬೇಕು. ತೆರೆಯ ಫೈಲಾದರೆ ನೆಲದ ಬಿಂದು ಖಾಲಿಯಾಗೇ ಉಳಿದಿದೆಯಾ ಅಂತಲೂ ನೋಡಿ.

ಸರ್ಕಾರಿ ಕಚೇರಿಗಳಿಗೂ ಒಂದು ಕೋರಿಕೆ. ಮುನ್ಸೂಚನೆಯನ್ನು ಬರೀ ಪಿಡಿಎಫ್ ಮತ್ತು ಚಿತ್ರದಲ್ಲಿ ಕೊಟ್ಟರೆ ಅದರೊಳಗಿನ ಅಂಕಿ ನಮಗೆ ಸಿಗುವುದಿಲ್ಲ. ಚಿತ್ರದ ಜೊತೆ ನೆಟ್‌ಸಿಡಿಎಫ್ ಫೈಲನ್ನೂ ಹಾಕಿ, ಘಟಕ ಮತ್ತು ಸಮಯ ತುಂಬಿ ಹಾಕಿ. ಹವಾಮಾನ ಇಲಾಖೆ 1901ರಿಂದ ಈಚಿನ ಹಳೆಯ ಮಳೆಯ ಕಾಲು ಡಿಗ್ರಿ ದತ್ತಾಂಶವನ್ನು ಈ ರೂಪದಲ್ಲೇ ಕೊಡುತ್ತಿದೆ. ಹಾಗಾದರೆ ನಾಳೆಯ ಮಳೆಯನ್ನೂ ಕೊಡಬಹುದು, ಅಲ್ವಾ?

ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ 1ರಿಂದ ಬೋಟ್‌ಗಳು ನೀರಿಗಿಳಿಯುತ್ತವೆ, ತೆರೆಯ ನಕ್ಷೆಗಳನ್ನು ಕೇಳುವವರು ಹೆಚ್ಚುತ್ತಾರೆ. ನಕ್ಷೆ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಒಂದು ಗ್ರಿಬ್ ಫೈಲ್ ಮತ್ತು ಅದರಿಂದ ಮಾಡಿದ ನೆಟ್‌ಸಿಡಿಎಫ್ ಫೈಲನ್ನು ನನಗೆ ಕಳಿಸಿ. ಮೂರು ಜಾಗದ ಅಂಕಿ ಹೋಲಿಸುವ ಸಣ್ಣ ಸ್ಕ್ರಿಪ್ಟ್ ನನ್ನ ಹತ್ತಿರ ಇದೆ. ಅದನ್ನು ಓಡಿಸಿ ನೋಡುತ್ತೇನೆ, ಸ್ಕ್ರಿಪ್ಟನ್ನೂ ನಿಮಗೆ ಕೊಡುತ್ತೇನೆ.