ದುಬಾರಿ ಕೆಪಾಸಿಟರ್ ಯಾಕೆ ಬೇಕು?

ಹಳೆ ಆಂಪ್ಲಿಫೈಯರ್‌ಗೆ ದುಬಾರಿ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಹಾಕಿದರೆ ದನಿ ತಾನಾಗಿ ಸುಧಾರಿಸುತ್ತದೆ ಅಂತ ಅದರ ರಿಪೇರಿ ಬಗ್ಗೆ ಬಂದ ಒಂದು ಲೇಖನದಲ್ಲಿ ಓದಿದೆ. ಇದನ್ನು ನಾನು ಒಪ್ಪುವುದಿಲ್ಲ. ಸುಧಾರಿಸುವುದು ಬೆಲೆಯಿಂದಲ್ಲ, ಒಣಗಿದ್ದನ್ನು ಕಿತ್ತು ಹಾಕಿದ್ದರಿಂದ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿನ ದ್ರವ ವರ್ಷ ಕಳೆದಂತೆ ಆರುತ್ತದೆ. ಆಗ ಪವರ್ ಸಪ್ಲೈನ 100 ಹರ್ಟ್ಜ್ ಗುಂಯ್ ಸದ್ದು ಸ್ಪೀಕರ್‌ಗೆ ನುಸುಳುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡಿಂಗ್ ಹಾಕಿದರೆ ತಂಬೂರಿ ಯಾವುದು, ಆಂಪ್ಲಿಫೈಯರ್ ಯಾವುದು ಗೊತ್ತೇ ಆಗುತ್ತಿರಲಿಲ್ಲ! ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಕ್ಕ ಸಾದಾ 4700 ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ), 63 ವೋಲ್ಟಿನವೇ ಎರಡು ಹಾಕಿದೆ, ಗುಂಯ್ ನಿಂತಿತು. ಮೈಕ್ರೋಫ್ಯಾರಡ್ ಮೊದಲಿನಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, ಪ್ಲಸ್ ಮೈನಸ್ ಅದಲು ಬದಲಾಗಬಾರದು. ಸಾಕು.

ಇನ್ನೊಂದು, ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಇದನ್ನು ಹೇಳದೆ ಆ ಲೇಖನದಲ್ಲಿ 'ಮುಚ್ಚಳ ಬಿಚ್ಚಿ' ಅಂತ ಬರೆದರೆ ಹೇಗೆ? ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ನೋಡಿ ಆಮೇಲೆ ಕೈ ಹಾಕಬೇಕು. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಶೂರತನ ಬೇಡ. ವಾಲ್ವ್ ಸೆಟ್ (ಗಾಜಿನ ಟ್ಯೂಬ್ ಇರುವ ಹಳೆ ಕಾಲದ್ದು) ಆದರಂತೂ ಒಳಗೆ ನೂರಾರು ವೋಲ್ಟ್. ಹೊಸಬರು ಅದರ ತಂಟೆಗೇ ಹೋಗಬೇಡಿ.