ಹಿಂದಿನ ಸಾಲಿನ ಪುಸ್ತಕಗಳು

ಕಪಾಟಿನಲ್ಲಿ ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಎರಡು ಸಾಲು ಇಡಬೇಡಿ. ಜಾಗ ಇಲ್ಲ ಅಂತ ನಾನೂ ಬಹಳ ವರ್ಷ ಹಾಗೇ ಇಟ್ಟಿದ್ದೆ.

ಹೋದ ವಾರ ಒಂದು ಕವನ ಸಂಕಲನ ಬೇಕಾಯಿತು. ಮನೆಯಲ್ಲಿದೆ ಅಂತ ಗೊತ್ತು, ಎಲ್ಲಿದೆ ಅಂತ ನೆನಪಿಲ್ಲ. ಮುಂದಿನ ಸಾಲು ಪೂರ್ತಿ ಇಳಿಸಿದ ಮೇಲೆ ಹಿಂದೆ ಗೋಡೆಗೆ ಒರಗಿಕೊಂಡು ಕೂತಿತ್ತು. ಎಳೆದ ಕೂಡಲೇ ಒಂದು ಸಿಲ್ವರ್‌ಫಿಶ್ ಹುಳ ಸರ್ರನೆ ಓಡಿತು. ಬೆನ್ನಿನ ಅಂಟನ್ನು ಎರಡು ಬೆರಳಗಲ ತಿಂದು ಹಾಕಿತ್ತು. ಮೊದಲ 16 ಪುಟ ಹಾಗೇ ಕೈಗೆ ಬಂದವು. ಹೊಟ್ಟೆ ಉರಿಯಿತು. ಪಕ್ಕದಲ್ಲೇ ಇನ್ನೊಂದು ಪುಸ್ತಕ ಸಿಕ್ಕಿತು. ಅದು ಕಳೆದುಹೋಗಿದೆ ಅಂದುಕೊಂಡು ಎರಡನೇ ಪ್ರತಿಯನ್ನೇ ಕೊಂಡಿದ್ದೆ!

ಆ ಹುಳಕ್ಕೆ ಕತ್ತಲೆ ಬೇಕು, ತೇವ ಬೇಕು, ತಿನ್ನಲು ಕಾಗದ ಮತ್ತು ಅಂಟು ಬೇಕು. ಹಿಂದಿನ ಸಾಲಿನಲ್ಲಿ ಎಲ್ಲವೂ ಇರುತ್ತವೆ. ಈಗ ಒಂದೇ ಸಾಲು. ಗೋಡೆಗೆ ತಾಗದ ಹಾಗೆ, ಗಾಳಿಯಾಡುವಷ್ಟು ಜಾಗ ಬಿಟ್ಟಿದ್ದೇನೆ. ತೀರಾ ಬಿಗಿಯಾಗಿ ತುರುಕುವುದನ್ನೂ ನಿಲ್ಲಿಸಿದೆ. ಹಾಗೆ ತುರುಕಿದರೆ ತೆಗೆಯುವಾಗ ಬೆನ್ನಿನ ಮೇಲ್ತುದಿ ಹಿಡಿದೇ ಎಳೆಯುತ್ತೇವೆ, ಅದು ಮೊದಲು ಹರಿಯುವುದು ಅಲ್ಲೇ.

ಇನ್ನು ಯಾವ ಕ್ರಮದಲ್ಲಿ ಜೋಡಿಸಬೇಕು? ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಕೊಟ್ಟ ದಶಮಾಂಶ ಪದ್ಧತಿಯಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ: ವಿಜ್ಞಾನಕ್ಕೆ 500, ಸಾಹಿತ್ಯಕ್ಕೆ 800. ದೊಡ್ಡ ಗ್ರಂಥಾಲಯಕ್ಕೆ ಅಂಥದ್ದೊಂದು ಬೇಕೇ ಬೇಕು. ಆದರೆ ಮನೆಯಲ್ಲಿ ಹುಡುಕುವವರು ನಾವೇ, ಅಲ್ವಾ? ನಮಗೆ ಹೇಗೆ ನೆನಪಿರುತ್ತದೋ ಹಾಗೆ ಇಟ್ಟರೆ ಸಾಕು. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ಉಳಿಸಿ ಅನ್ನುವುದು. ಕಪಾಟು ಜೋಡಿಸುವಾಗ ನನಗೆ ಅದೊಂದೇ ಸಾಕು. ರಕ್ಷಾಪುಟದ ಬಣ್ಣ ನೆನಪಿಟ್ಟುಕೊಳ್ಳುವವರು ಬಣ್ಣದ ಪ್ರಕಾರವೇ ಜೋಡಿಸಲಿ, ತಪ್ಪೇನಿಲ್ಲ. ನನಗೆ ಲೇಖಕರ ಹೆಸರು ನೆನಪಿರುತ್ತದೆ. ಹಾಗಾಗಿ ಕಥೆ, ಕಾದಂಬರಿ ಅಕಾರಾದಿಯಾಗಿ ಇವೆ. ಕವನಗಳು ಮಾತ್ರ ಹಾಸಿಗೆ ಪಕ್ಕದಲ್ಲಿ.

ಓದದೆ ಉಳಿದವು ಕಣ್ಣಿಗೆ ನೇರ ಕಾಣುವ ಹಲಗೆಯಲ್ಲೇ ಇರಬೇಕು. ನಾವು ಓದಿ ಮೆಚ್ಚಿದ್ದನ್ನು ಅಲ್ಲಿ ಇಡುತ್ತೇವೆ, ಓದದ್ದನ್ನು ಮೇಲಕ್ಕೆ ಏರಿಸುತ್ತೇವೆ. ಮೇಲೆ ಹೋದದ್ದು ಕೆಳಗೆ ಇಳಿಯುವುದೇ ಇಲ್ಲ. ಹಾಗೇ ಯಾರಾದರೂ ಪುಸ್ತಕ ಒಯ್ದರೆ ಹೆಸರು, ತಾರೀಕು ಬರೆದ ಚೀಟಿಯೊಂದನ್ನು ಆ ಖಾಲಿ ಜಾಗದಲ್ಲಿ ನಿಲ್ಲಿಸಿ.

ಒಂದೇ ಸಾಲು ಅಂದಾಗ ಸುಮಾರು ಪುಸ್ತಕಗಳಿಗೆ ಜಾಗ ಸಾಲಲಿಲ್ಲ. ಎರಡು ದಿನ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಮತ್ತೆ ಓದುವುದಿಲ್ಲ ಅನ್ನಿಸಿದವನ್ನು ಎರಡು ಪೆಟ್ಟಿಗೆಗೆ ತುಂಬಿದ್ದೇನೆ. ಓದುವವರು ಸಿಕ್ಕರೆ ಕೊಡುತ್ತೇನೆ. ಆ ಎರಡನೇ ಪ್ರತಿಯೂ ಅದರಲ್ಲೇ ಇದೆ.